ಪಹಣಿ ಯಾರ ಹೆಸರಲ್ಲಿದೆ?



2019ರಲ್ಲಿ ಬಂದ ಪಿಎಂ ಕಿಸಾನ್ ಯೋಜನೆಯಲ್ಲಿ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತಿನಲ್ಲಿ ನೇರ ಖಾತೆಗೆ ಬರುತ್ತದೆ. ಯಾರ ಖಾತೆಗೆ? ಪಹಣಿಯಲ್ಲಿ ಹೆಸರಿದ್ದವರ ಖಾತೆಗೆ. ಕಳೆ ತೆಗೆಯುವವಳ ಹೆಸರು ಅಲ್ಲಿರುವುದು ಅಪರೂಪ. 2019ರ ಫೆಬ್ರವರಿ 1ರ ನಂತರ ಹೊಲ ಕೊಂಡವರಿಗೆ ಈ ಹಣವಿಲ್ಲ. ಮಾಲೀಕರು ತೀರಿಕೊಂಡು ವಾರಸಾದಲ್ಲಿ ಬಂದಿದ್ದರೆ ಉಂಟು.

ನಮ್ಮ ಹೊಲ, ಅಪ್ಪ ಅಣ್ಣ ಇಬ್ಬರೂ ಹೋದ ಮೇಲೂ ಅಪ್ಪನ ಹೆಸರಲ್ಲೇ ಇತ್ತು. ಸಾಗುವಳಿ ಅತ್ತಿಗೆಯದು. ಪೌತಿ ಖಾತೆಗೆ ಮಗಳಾದ ನನ್ನ ಸಹಿಯೂ ಬೇಕು. "ಯಾವಾಗ ಬರ್ತೀಯವ್ವಾ?" ಅಂತ ಅವರು ಕೇಳಿದಾಗಲೆಲ್ಲ ನಾನು ಪುಣೆಯಿಂದ "ಮುಂದಿನ ರಜೆಗೆ" ಅಂದೆ. ಎರಡು ವರ್ಷ! ಆರು ಕಂತು ಹೋದವು.

ಊರಲ್ಲಿ ಹೊಲವಿರುವವರು ಇವತ್ತೇ ಫೋನ್ ಮಾಡಿ, ಪಹಣಿ ಯಾರ ಹೆಸರಲ್ಲಿದೆ ಎಂದು ಕೇಳಿ.