ಒಡೆಯನ ಕೈ ಸೇರದ ವಾದ್ಯ



ನಿನ್ನೆ ರಾತ್ರಿ ಇದೇ ಅಂಗಳದಲ್ಲಿ ಆಟ ನಡೆಯಿತಷ್ಟೆ. ನಡುವೆ ಮದ್ದಲೆಯ ಶ್ರುತಿ ಇಳಿಯಿತು. ಪಕ್ಕದಲ್ಲಿ ಇನ್ನೊಬ್ಬರ ಮದ್ದಲೆ ಇತ್ತು. ತೆಗೆದುಕೊಳ್ಳಿ ಎಂದೆವು. "ಸ್ವಾಮಿಗಳೆ, ಅದು ಅವರ ಕೈಗೆ ಪಳಗಿದ್ದು. ಅವರನ್ನು ಕೇಳದೆ ಮುಟ್ಟುವುದಿಲ್ಲ" ಎಂದರು ಮದ್ದಲೆಗಾರರು. ಆ ಮಾತು ರಾತ್ರಿಯೆಲ್ಲ ನಮ್ಮ ಮನಸ್ಸಿನಲ್ಲಿತ್ತು.

ಕೇಳದೆ ಮುಟ್ಟಿದವರೂ ಇದ್ದಾರೆ. ಜರ್ಮನಿಯ ನಾಜಿಗಳು ಸಂಗೀತದ ಸೊತ್ತನ್ನು ದೋಚಲೆಂದೇ ಒಂದು ಪಡೆ ಇಟ್ಟಿದ್ದರು. ಅದರ ಮುಖ್ಯಸ್ಥ ಹರ್ಬರ್ಟ್ ಗೆರಿಕ್ ಸಂಗೀತಶಾಸ್ತ್ರವನ್ನು ಓದಿದವನು! ಓದು ಏನು ಮಾಡೀತು, ಹೇಳಿ. ಪ್ಯಾರಿಸಿನ ಹತ್ತಿರ ವಾಂಡಾ ಲಾಂಡೋವ್ಸ್ಕಾ ಎಂಬ ಯಹೂದಿ ವಿದುಷಿಯ ಮನೆಯಿತ್ತು. 1940ರಲ್ಲಿ ಆಕೆ ಜೀವ ಉಳಿಸಿಕೊಳ್ಳಲು ಮನೆ ಬಿಟ್ಟಳು. ಅದೇ ಸೆಪ್ಟೆಂಬರಿನಲ್ಲಿ ಆಕೆಯ ವಾದ್ಯಗಳನ್ನೂ ಗ್ರಂಥಗಳನ್ನೂ ಹೊತ್ತೊಯ್ದರು. ಯುದ್ಧ ಮುಗಿದ ಮೇಲೆ ಕೆಲವು ವಾದ್ಯಗಳು ಜರ್ಮನಿಯಲ್ಲಿ ದೊರೆತು ಹಿಂದಕ್ಕೆ ಬಂದವು. ಹಲವು ಇಂದಿಗೂ ಸಿಕ್ಕಿಲ್ಲ.

ಆಕೆ ಹೆಸರುವಾಸಿ, ಬದುಕಿಯೂ ಇದ್ದಳು. 1942ರಿಂದಾಚೆ ಪಶ್ಚಿಮ ಯೂರೋಪಿನಲ್ಲಿ ಸುಮಾರು 70,000 ಯಹೂದಿ ಮನೆಗಳನ್ನು ಬರಿದು ಮಾಡಿದರು. ಮಂಚ, ಪಾತ್ರೆಗಳ ಜೊತೆಗೆ ಪಿಯಾನೋಗಳೂ ಹೋದವು. ಪಿಟೀಲಿನೊಳಗೆ ಮಾಡಿದವನ ಚೀಟಿ ಅಂಟಿಸಿರುತ್ತದೆ; ನುಡಿಸಿದವನ ಹೆಸರು ಇರುವುದಿಲ್ಲ. ಮನೆಮಂದಿಯನ್ನೆಲ್ಲ ಕೊಂದ ಮೇಲೆ "ಇದು ನಮ್ಮದು" ಎನ್ನಲು ಯಾರು ಉಳಿದರು? 1998ರಲ್ಲಿ 44 ದೇಶಗಳು ವಾಷಿಂಗ್ಟನ್ನಿನಲ್ಲಿ ಕೂಡಿ, ನಾಜಿಗಳು ಕಸಿದ ಕಲಾವಸ್ತುಗಳಿಗೆ ನ್ಯಾಯವಾದ ಪರಿಹಾರ ಕಾಣಬೇಕೆಂದು ಒಪ್ಪಿದವು. ಆ ಒಪ್ಪಿಗೆ ನಾಜಿಗಳ ಲೂಟಿಗೆ ಮಾತ್ರ.

ಈಗ ನಮ್ಮ ಕಡೆಗೆ ಬನ್ನಿ. ಹೊನ್ನಾವರದ ಕೋಟೆಯನ್ನು ಇಂಗ್ಲಿಷರು 1783ರಲ್ಲಿ ಹಿಡಿದರು. 1784ರ ಮಂಗಳೂರು ಒಪ್ಪಂದದಂತೆ ಟಿಪ್ಪುವಿಗೆ ಮರಳಿಸಿದರು. ಕೋಟೆ ಮರಳಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ಹೋದ ಒಂದು ವಾದ್ಯ ಮಾತ್ರ ಮರಳಲಿಲ್ಲ. ಮರದ ಹುಲಿಯೊಂದು ಯೂರೋಪಿನವನ ಮೇಲೆರಗಿದೆ. ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಬಿದ್ದವನು ನರಳುತ್ತಾನೆ. ಹುಲಿಯ ಒಡಲಲ್ಲಿ 18 ಮನೆಗಳ ಆರ್ಗನ್ ಇದೆ. 1808ರಿಂದ ಅದನ್ನು ಲಂಡನ್ನಿನ ಕಂಪನಿ ಕಚೇರಿಯಲ್ಲಿ ಇಟ್ಟಿದ್ದರು. ಬಂದವರೆಲ್ಲ ಹಿಡಿ ತಿರುಗಿಸಿ ಅಲ್ಲಿ ಓದಲು ಕೂತವರಿಗೆ ಕಾಟವಾಯಿತಂತೆ! ಈಗ ಅಲ್ಲಿಯ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ.

ಟಿಪ್ಪುವಿನ ವಿಷಯದಲ್ಲಿ ನಿಮ್ಮೊಳಗೆ ನಾನಾ ಅಭಿಪ್ರಾಯಗಳಿರಬಹುದು; ಇಲ್ಲಿ ಆ ವಾದ ಬೇಡ. ವಾದ್ಯ ಯಾರದು? ವಂಶದವರದೋ, ನಾಡಿನದೋ? ನಮ್ಮನ್ನು ಕೇಳಿದರೆ, ಶ್ರೀರಂಗಪಟ್ಟಣಕ್ಕೆ ಬರಬೇಕು, ಆದರೆ ಮೊದಲು ವಂಶದವರನ್ನು ಕೇಳಬೇಕು. ಮದ್ದಲೆಗಾರರು ಹೇಳಿದ್ದೂ ಇದನ್ನೇ.

ಹೀಗೆ ಲಂಡನ್ನಿನವರಿಗೆ ಹೇಳುವ ನಮ್ಮ ಮಠದ ಅಟ್ಟದ ಮೇಲೂ ಒಂದು ಹಾರ್ಮೋನಿಯಂ ಇದೆ. ನಾಟಕದವರೊಬ್ಬರು ಊಟದ ಬಾಕಿಗೆ ಒತ್ತೆಯಿಟ್ಟು ಹೋದದ್ದೆಂದು ಹಿರಿಯರು ಹೇಳುತ್ತಿದ್ದರು. ಅನ್ನದ ಮನೆ ಒತ್ತೆ ಹಿಡಿಯಬಾರದಿತ್ತು. ಅದನ್ನು ಕೆಳಗಿಳಿಸಿ ಬಾಗಿಲ ಬಳಿ ಇಡಿಸಿದ್ದೇವೆ. ಮುಚ್ಚಳದ ಒಳಗೆ ಹೆಸರಿನ ಎರಡಕ್ಷರ ಕೊರೆದಿದೆ. ಅವು ಯಾವುವೆಂದು ನಾವು ಹೇಳುವುದಿಲ್ಲ. ಮನೆಯವರೇ ಬಂದು ಹೇಳಲಿ. ಬಾಕಿ ಏನೂ ಇಲ್ಲ.