ಶನಿಯ ನೋಟ, ಸರ್ಕಾರದ ನೋಟ

(ಮಧುರೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿ ಎಂದೊಡನೆ ಸುತ್ತಮುತ್ತಲ ಜನರಿಗೆ ಮೊದಲು ನೆನಪಾಗುವುದು ಕನಸವಾಡಿಯ ಚಿಕ್ಕಮಧುರೆ ಶನಿಮಹಾತ್ಮ ದೇವಾಲಯ. ಶನಿವಾರ ಬಂತೆಂದರೆ, ಅದರಲ್ಲೂ ಶ್ರಾವಣದ ಶನಿವಾರಗಳಂದು, ಅಲ್ಲಿ ಸೇರುವ ಭಕ್ತರಿಗೆ ಲೆಕ್ಕವಿಲ್ಲ. ಎಳ್ಳೆಣ್ಣೆಯ ದೀಪ ಹಚ್ಚುವ ಈ ಭಕ್ತರು ಬೇಡುವುದೇನು? ಬೇರೆ ದೇವರ ಮುಂದೆ ನಿಂತವರು ‘ನಿನ್ನ ಕೃಪಾದೃಷ್ಟಿ ನಮ್ಮ ಮೇಲಿರಲಿ’ ಎನ್ನುತ್ತಾರೆ. ಶನಿದೇವರ ಮುಂದೆ ನಿಂತವರ ಬೇಡಿಕೆ ತುಸು ಬೇರೆ: ‘ನಿನ್ನ ವಕ್ರದೃಷ್ಟಿ ನಮ್ಮ ಮೇಲೆ ಬೀಳದಿರಲಿ.’

ನೋಟಕ್ಕೆ ಶಕ್ತಿಯಿದೆ ಎಂಬ ಅರಿವು ಈ ನಾಡಿನ ಜನರಿಗೆ ಹೊಸದಲ್ಲ. ಮಗುವಿನ ಕೆನ್ನೆಗೆ ಇಡುವ ಕಪ್ಪು ಬೊಟ್ಟು, ಕಟ್ಟುತ್ತಿರುವ ಮನೆಯ ಮುಂದೆ ತೂಗುವ ದೃಷ್ಟಿಬೊಂಬೆ, ಬೆಳೆದ ಹೊಲದ ನಡುವಿನ ಬೆರ್ಚಪ್ಪ ಎಲ್ಲವೂ ಆ ಅರಿವಿನ ಗುರುತುಗಳೇ. ಇವುಗಳಲ್ಲಿ ಮೂಢನಂಬಿಕೆ ಎಷ್ಟು ಎಂಬ ಚರ್ಚೆ ಬೇರೆ. ನೋಡುವವನಿಗೂ ನೋಡಿಸಿಕೊಳ್ಳುವವನಿಗೂ ನಡುವೆ ಬಲದ ವ್ಯತ್ಯಾಸವಿದೆ ಎಂಬ ತಿಳಿವಳಿಕೆ ಮಾತ್ರ ಮೂಢವಲ್ಲ. ಈಗ ಊರೂರಿಗೆ ಇನ್ನೊಂದು ನೋಟ ಬಂದಿದೆ. ಅದು ಬಸ್ ನಿಲ್ದಾಣದ ಕಂಬದ ಮೇಲಿದೆ, ಹೆದ್ದಾರಿಯ ಕಮಾನಿನ ಮೇಲಿದೆ, ವೃತ್ತದ ನಾಲ್ಕು ಮೂಲೆಗಳಲ್ಲಿದೆ. ಸಿ.ಸಿ. ಟಿವಿ ಕ್ಯಾಮೆರಾ ಎಂಬುದು ಅದರ ಹೆಸರು.

ಈ ವಿಷಯ ಎತ್ತಿದಾಗ ಹಳ್ಳಿಯ ಹಿರಿಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ. ‘ಹಳ್ಳಿಯಲ್ಲಿ ಖಾಸಗಿತನ ಯಾವ ಕಾಲಕ್ಕೆ ಇತ್ತು? ಯಾರ ಮನೆಗೆ ಯಾರು ಬಂದರು, ಯಾರ ಒಲೆ ಹೊತ್ತಿತು, ಯಾರದು ಹೊತ್ತಲಿಲ್ಲ ಎಂಬುದೆಲ್ಲ ಅರಳಿಕಟ್ಟೆಗೆ ಗೊತ್ತಿತ್ತಲ್ಲವೇ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕಟ್ಟೆಯ ನೋಟಕ್ಕೂ ಕಂಬದ ನೋಟಕ್ಕೂ ಮೂರು ವ್ಯತ್ಯಾಸಗಳಿವೆ. ಮೊದಲನೆಯದು, ಕಟ್ಟೆಯ ಮೇಲೆ ಕುಳಿತವನನ್ನು ದಾರಿಹೋಕನೂ ನೋಡಬಲ್ಲ. ಕ್ಯಾಮೆರಾದ ಹಿಂದೆ ಕುಳಿತವನನ್ನು ಯಾರೂ ಕಾಣರು. ಎರಡನೆಯದು, ಮನುಷ್ಯ ಮರೆಯುತ್ತಾನೆ. ಯಂತ್ರ ತಾನಾಗಿ ಮರೆಯುವುದಿಲ್ಲ. ಮೂರನೆಯದು, ಕಟ್ಟೆಗೆ ಗೊತ್ತಾದದ್ದು ಊರಿನ ಗಡಿಯೊಳಗೇ ಉಳಿಯುತ್ತಿತ್ತು. ಕ್ಯಾಮೆರಾ ಕಂಡದ್ದನ್ನು ಇನ್ನೊಂದು ಊರಿನ ಕ್ಯಾಮೆರಾ ಕಂಡದ್ದರೊಂದಿಗೆ ಜೋಡಿಸಿ ಒಬ್ಬ ಮನುಷ್ಯನ ಇಡೀ ದಿನಚರಿಯನ್ನು ಬರೆಯಬಹುದು.

ಹಳ್ಳಿಗೂ ಅದರದೇ ಮರ್ಯಾದೆಗಳಿದ್ದವು. ಜಗಲಿಯವರೆಗೆ ಯಾರು ಬೇಕಾದರೂ ಬರಬಹುದಿತ್ತು. ಹೊಸ್ತಿಲು ದಾಟುವ ಮುನ್ನ ‘ಯಾರಿದ್ದೀರಿ ಒಳಗೆ?’ ಎಂದು ಕೂಗಬೇಕಿತ್ತು. ಹೆಂಗಸರು ನೀರು ಸೇದುವ ಬಾವಿಕಟ್ಟೆಯ ಕಡೆ ಸುಮ್ಮನೆ ನಿಂತು ನೋಡುವವನನ್ನು ಊರು ಗದರಿಸುತ್ತಿತ್ತು. ಹಾಗೆಂದು ಹಳೆಯ ಹಳ್ಳಿಯನ್ನು ಹೊಗಳಬೇಕಾಗಿಲ್ಲ. ಆ ಊರಿನ ಕಣ್ಣು ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುತ್ತಿರಲಿಲ್ಲ. ಕೇರಿಯವರು ಯಾವ ಬೀದಿಯಲ್ಲಿ ನಡೆದರು, ವಿಧವೆ ಯಾರೊಡನೆ ಮಾತನಾಡಿದಳು ಎಂಬುದರ ಮೇಲೆಯೇ ಅದಕ್ಕೆ ಹೆಚ್ಚು ಗಮನ. ಅಂಥ ನೋಟದಿಂದ ತಪ್ಪಿಸಿಕೊಳ್ಳಲೆಂದೇ ಎಷ್ಟೋ ಮಂದಿ ಬೆಂಗಳೂರಿನ ಬಸ್ಸು ಹತ್ತಿದರು. ಯಾರ ಮಗ, ಯಾವ ಜಾತಿ ಎಂದು ಯಾರೂ ಕೇಳದ ನಗರದ ಜನಜಂಗುಳಿಯೇ ಅವರಿಗೆ ಬಿಡುಗಡೆಯಾಗಿತ್ತು. ಮುಖ ನೋಡಿ ಹೆಸರು ಹೇಳುವ ಯಂತ್ರ ಕಸಿದುಕೊಳ್ಳುವುದು ಮುಖ್ಯವಾಗಿ ಈ ಬಿಡುಗಡೆಯನ್ನು.

ಪ್ರಜೆಗಳ ಮೇಲೆ ಕಣ್ಣಿಡುವುದು ಪ್ರಭುತ್ವದ ಹಳೆಯ ಅಭ್ಯಾಸ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ‘ಗೋಪ’ ಎಂಬ ಅಧಿಕಾರಿಯ ವಿವರಣೆ ಬರುತ್ತದೆ. ನಗರದ ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆಗಳು ಅವನ ಸುಪರ್ದಿಗೆ. ಆ ಮನೆಗಳವರ ಜಾತಿ, ಗೋತ್ರ, ಹೆಸರು, ಕಸುಬು ಮಾತ್ರವಲ್ಲ, ಆದಾಯ, ವೆಚ್ಚಗಳೂ ಅವನಿಗೆ ತಿಳಿದಿರಬೇಕು. ಮನೆಗೆ ಹೊಸಬರು ಬಂದರೆ, ಹೋದರೆ ಯಜಮಾನ ವರದಿ ಮಾಡಬೇಕು.

ಹಳ್ಳಿಗಳಲ್ಲಿ ಕಾವಲಿನ ಕೆಲಸ ಆಯಗಾರರಲ್ಲಿ ಒಬ್ಬನಾದ ತಳವಾರನದು. ಅವನ ಕಾವಲಿಗೆ ಹೊಣೆಯೂ ಅಂಟಿಕೊಂಡಿತ್ತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಕಳುವಾದ ಮಾಲನ್ನು ಪತ್ತೆ ಮಾಡದಿದ್ದರೆ ಕಾವಲಿನವನೇ ನಷ್ಟ ತುಂಬಿಕೊಡಬೇಕೆಂಬ ಕಟ್ಟಳೆ ದಕ್ಷಿಣದ ಹಲವೆಡೆ ಇತ್ತು. ನೋಡುವ ಅಧಿಕಾರ ಪಡೆದವನು ಉತ್ತರ ಕೊಡಲೂ ಬದ್ಧನಾಗಿದ್ದ.

ಬ್ರಿಟಿಷರ ಕಾಲದಲ್ಲಿ ಈ ಕಣ್ಣು ಕ್ರೂರವಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಗೆ ಸೇರಿಸಿತು. ಆ ಪಟ್ಟಿಗೆ ಬಿದ್ದವರು ಪೊಲೀಸರ ಮುಂದೆ ಹಾಜರಿ ಹಾಕಬೇಕಿತ್ತು. ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲ. ಮುಂದೆ ಹುಬ್ಬಳ್ಳಿಯಂಥ ಕಡೆ ತಂತಿಬೇಲಿಯೊಳಗಿನ ಸೆಟ್ಲ್‌ಮೆಂಟುಗಳೂ ಎದ್ದವು. ಕಾಯ್ದೆ ರದ್ದಾದದ್ದು 1952ರಲ್ಲಿ, ಸ್ವಾತಂತ್ರ್ಯ ಬಂದು ಐದು ವರ್ಷಗಳ ನಂತರ. ಕಾಯ್ದೆ ಹೋದರೂ ಅನುಮಾನ ಹೋಗಲಿಲ್ಲ. ಕಣ್ಗಾವಲು ಎಲ್ಲರಿಗೂ ಸಮಾನ ಎಂದು ಹೇಳುವವರು ಈ ಇತಿಹಾಸವನ್ನು ಮರೆಯಬಾರದು.

ಸಂವಿಧಾನ ಬಂದ ಮೇಲೆ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನನ್ನು ದರೋಡೆ ಪ್ರಕರಣವೊಂದರಲ್ಲಿ ಹಿಡಿದು, ಸಾಕ್ಷ್ಯವಿಲ್ಲವೆಂದು ಬಿಡಲಾಗಿತ್ತು. ಆದರೂ ಪೊಲೀಸರು ಅವನ ಹೆಸರಿನಲ್ಲಿ ಕಡತ ತೆರೆದರು. ರಾತ್ರಿ ವೇಳೆ ಬಂದು ಬಾಗಿಲು ಬಡಿದು ಎಬ್ಬಿಸುತ್ತಿದ್ದರು. 1962ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾತ್ರಿಯ ಭೇಟಿಗಳನ್ನು ತಪ್ಪೆಂದಿತು. ಆದರೆ ಖಾಸಗಿತನ ಎಂಬ ಹಕ್ಕು ಸಂವಿಧಾನದಲ್ಲಿ ಇಲ್ಲವೆಂದೂ ಬಹುಮತದಿಂದ ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಅವರು ಭಿನ್ನಮತ ಬರೆದರು.

ಕರ್ನಾಟಕದ ರಾಜಕಾರಣವೂ ಈ ಪ್ರಶ್ನೆಯಿಂದ ಒಮ್ಮೆ ಅಲುಗಾಡಿದೆ. ದೂರವಾಣಿ ಕದ್ದಾಲಿಕೆಯ ಆರೋಪ ಬಂದಾಗ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ಮುಂದೆ 1996ರಲ್ಲಿ ಸುಪ್ರೀಂ ಕೋರ್ಟ್, ಕದ್ದಾಲಿಕೆಗೆ ಹಿರಿಯ ಅಧಿಕಾರಿಯ ಲಿಖಿತ ಆದೇಶ, ಕಾಲಮಿತಿ, ಪರಿಶೀಲನಾ ಸಮಿತಿ ಇರಬೇಕೆಂದು ಕಟ್ಟುಪಾಡು ಹಾಕಿತು. ಒಂದು ದೂರವಾಣಿಗೆ ಕಿವಿಗೊಡಲು ಇಷ್ಟು ಕಟ್ಟುಪಾಡು. ಸಾವಿರಾರು ಕಣ್ಣುಗಳಿಗೆ ಎಷ್ಟಿರಬೇಕು?

ಈ ಕಥೆಯ ದೊಡ್ಡ ತಿರುವೂ ಬೆಂಗಳೂರಿನಿಂದಲೇ ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನವು 21ನೆಯ ವಿಧಿ ಕೊಡುವ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ಭಾಗವೆಂದು ಒಮ್ಮತದಿಂದ ಸಾರಿತು. ಖರಕ್ ಸಿಂಗ್ ಪ್ರಕರಣದ ಹಳೆಯ ಮಾತು ಬಿದ್ದುಹೋಯಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಈ ಹಕ್ಕಿನ ಹೆಸರಾಗಿ ಉಳಿಯಿತು.

ಹಕ್ಕೆಂದರೆ ಸರ್ಕಾರ ಏನನ್ನೂ ನೋಡಕೂಡದು ಎಂದಲ್ಲ. ನೋಡುವ ಮುನ್ನ ಅದು ಕೆಲವು ಪ್ರಶ್ನೆಗಳಿಗೆ ಉತ್ತರಿಸಬೇಕು. ಇದಕ್ಕೆ ಕಾಯ್ದೆಯ ಆಧಾರವಿದೆಯೇ? ಉದ್ದೇಶ ನ್ಯಾಯವಾದದ್ದೇ? ಉದ್ದೇಶಕ್ಕೆ ಬೇಕಾದಷ್ಟನ್ನೇ ನೋಡಲಾಗುತ್ತಿದೆಯೇ, ಅದಕ್ಕಿಂತ ಹೆಚ್ಚೇ? ಇಲಿ ಹಿಡಿಯಲು ಮನೆಗೆ ಬೆಂಕಿ ಹಚ್ಚಬಾರದು ಎಂಬ ಲೋಕಜ್ಞಾನವೇ ಕೊನೆಯ ಪ್ರಶ್ನೆಯ ಸಾರ.

ಈ ಅಳತೆಗೋಲನ್ನು ಬೀದಿ ಕ್ಯಾಮೆರಾಗಳಿಗೆ ಹಿಡಿದು ನೋಡಬೇಕು. ಕರ್ನಾಟಕದ ಸಾರ್ವಜನಿಕ ಸುರಕ್ಷತೆಯ 2017ರ ಕಾಯ್ದೆಯಂತೆ, ಹೆಚ್ಚು ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಬೇಕು. ಚಿತ್ರಗಳನ್ನು 30 ದಿನ ಇಟ್ಟಿರಬೇಕು. ಪೊಲೀಸರು ಕೇಳಿದಾಗ ಒದಗಿಸಬೇಕು. 2018ರಲ್ಲಿ ಕೇಂದ್ರ ಸರ್ಕಾರ ನಿರ್ಭಯಾ ನಿಧಿಯಡಿ ಬೆಂಗಳೂರೂ ಸೇರಿ ಎಂಟು ಮಹಾನಗರಗಳಿಗೆ ‘ಸೇಫ್ ಸಿಟಿ’ ಯೋಜನೆಯನ್ನು ಮಂಜೂರು ಮಾಡಿತು. ಬೆಂಗಳೂರಿನ ಯೋಜನೆಯ ಗಾತ್ರ ಸುಮಾರು 667 ಕೋಟಿ ರೂಪಾಯಿ. ಅಳವಡಿಸಿದ ಕ್ಯಾಮೆರಾಗಳು 7,000ಕ್ಕೂ ಹೆಚ್ಚು. ಅದರ ನಿಯಂತ್ರಣ ಕೇಂದ್ರ 2023ರ ನವೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಇದೇ ಜಿಲ್ಲೆಯ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರ್‌ನಿಂದ, ಒಪ್ಪಿದ ಪ್ರಯಾಣಿಕರನ್ನು ಮುಖ ನೋಡಿಯೇ ಯಂತ್ರ ಒಳಗೆ ಬಿಡುತ್ತಿದೆ. ಅಲ್ಲಿ ಒಪ್ಪದೆ ಇರುವ ದಾರಿಯುಂಟು. ಬೀದಿಯ ಕಂಬದ ಮುಂದೆ ಆ ದಾರಿಯಿಲ್ಲ.

ಕ್ಯಾಮೆರಾದಿಂದ ಉಪಯೋಗವಿಲ್ಲ ಎನ್ನುವುದು ತಪ್ಪಾಗುತ್ತದೆ. ಸರಗಳ್ಳರು, ಗುದ್ದಿ ಓಡಿಹೋದ ಲಾರಿ, ಜಾತ್ರೆಯಲ್ಲಿ ಕೈತಪ್ಪಿದ ಮಗು, ಇವನ್ನೆಲ್ಲ ಪತ್ತೆ ಮಾಡಲು ಅದು ನೆರವಾಗಿದೆ. ರಾತ್ರಿ ಪಾಳಿ ಮುಗಿಸಿ ಬರುವ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಬೀದಿದೀಪದಷ್ಟೇ ಕ್ಯಾಮೆರಾ ಧೈರ್ಯ ಕೊಡುತ್ತಿದ್ದರೆ ಆ ಧೈರ್ಯವನ್ನು ಹಗುರವಾಗಿ ಕಾಣಬಾರದು. ಆದರೆ ಆ ಹೆಣ್ಣುಮಕ್ಕಳ ಚಿತ್ರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ದೆಹಲಿ ಮೆಟ್ರೊದ ಕ್ಯಾಮೆರಾಗಳು ಸೆರೆಹಿಡಿದ ಜೋಡಿಗಳ ದೃಶ್ಯಗಳು ಅಶ್ಲೀಲ ಜಾಲತಾಣಗಳಲ್ಲಿ ಕಾಣಿಸಿಕೊಂಡದ್ದು 2013ರಲ್ಲಿ ದೊಡ್ಡ ಸುದ್ದಿಯಾಗಿತ್ತು. ರಕ್ಷಣೆಗೆಂದು ಹಾಕಿದ ಬೇಲಿಯೇ ಹೊಲ ಮೇಯ್ದಿತ್ತು.

ತುರ್ತಿನ ಹೊತ್ತಿನಲ್ಲಿ ನೋಟ ಎಷ್ಟು ಬೇಗ ಮನೆಯೊಳಗೆ ಬರುತ್ತದೆ ಎಂಬುದನ್ನು ಕೋವಿಡ್ ಕಾಲ ತೋರಿಸಿತು. 2020ರ ಮಾರ್ಚ್ ಕೊನೆಯಲ್ಲಿ, ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರು ನಿದ್ದೆಯ ಸಮಯ ಬಿಟ್ಟು ಗಂಟೆಗೊಮ್ಮೆ ತಮ್ಮ ಸೆಲ್ಫಿ ತೆಗೆದು ಕಳಿಸಬೇಕೆಂದು ರಾಜ್ಯ ಸರ್ಕಾರ ಆದೇಶಿಸಿತು. ಚಿತ್ರದೊಂದಿಗೆ ಇರುವ ಜಾಗವೂ ದಾಖಲಾಗುತ್ತಿತ್ತು. ರೋಗ ತಡೆಯುವ ಉದ್ದೇಶವನ್ನು ಯಾರೂ ಆಕ್ಷೇಪಿಸಲಿಲ್ಲ. ಆದರೆ ಕಾಯಿಲೆಯ ಅನುಮಾನವೊಂದೇ ಒಬ್ಬ ಮನುಷ್ಯನ ನಡುಮನೆಯನ್ನು ಸರ್ಕಾರದ ಮುಂದೆ ತೆರೆದಿಡಲು ಸಾಕಾಯಿತು.

‘ತಪ್ಪು ಮಾಡದವನಿಗೆ ಭಯವೇಕೆ?’ ಎಂಬುದು ಕೊನೆಯ ವಾದ. ಇದಕ್ಕೆ ಉತ್ತರ ಮಧುರೆ ಸೀಮೆಯ ಜನಕ್ಕೆ ಚೆನ್ನಾಗಿ ಗೊತ್ತಿರುವ ಕಥೆಯಲ್ಲೇ ಇದೆ. ಹಳ್ಳಿಗಳಲ್ಲಿ ರಾತ್ರಿಯಿಡೀ ಆಡುವ ‘ಶನಿಮಹಾತ್ಮೆ’ ನಾಟಕದಲ್ಲಿ ರಾಜಾ ವಿಕ್ರಮ ವರ್ತಕನೊಬ್ಬನ ಮನೆಯಲ್ಲಿ ತಂಗುತ್ತಾನೆ. ಗೂಟಕ್ಕೆ ನೇತುಹಾಕಿದ್ದ ಹಾರವನ್ನು ಗೋಡೆಯ ಚಿತ್ರದ ಹಂಸ ನುಂಗುತ್ತದೆ. ಕೋಣೆಯಲ್ಲಿ ಇದ್ದವನು ಅವನೊಬ್ಬನೇ. ಆದ್ದರಿಂದ ಕಳ್ಳ ಅವನೇ ಎಂದು ತೀರ್ಮಾನವಾಗುತ್ತದೆ. ಚಂದ್ರಸೇನ ರಾಜ ಕೈಕಾಲು ಕತ್ತರಿಸುವ ಶಿಕ್ಷೆ ಕೊಡುತ್ತಾನೆ. ತಪ್ಪು ಮಾಡದವನಿಗೆ ಭಯವೇಕೆ ಎಂದು ವಿಕ್ರಮನನ್ನು ಕೇಳುವವರು ಯಾರು?

ಇದು ಪುರಾಣದ ಮಾತಷ್ಟೇ ಅಲ್ಲ. ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಅಂಗಡಿಯೊಂದರ ಕೈಗಡಿಯಾರಗಳು ಕಳುವಾದವು. ಅಂಗಡಿಯ ಕ್ಯಾಮೆರಾದ ಮಸುಕು ಚಿತ್ರಕ್ಕೆ ಯಂತ್ರ ಒಬ್ಬ ಕರಿಯ ಗೃಹಸ್ಥನ ಮುಖವನ್ನು ಹೊಂದಿಸಿತು. 2020ರ ಜನವರಿಯಲ್ಲಿ ಪೊಲೀಸರು ಅವನನ್ನು ಮನೆಯ ಮುಂದೆಯೇ, ಹೆಂಡತಿ ಮಕ್ಕಳೆದುರು ಬಂಧಿಸಿದರು. ಅವನು ಕಳ್ಳನಾಗಿರಲಿಲ್ಲ. 2024ರಲ್ಲಿ ನಗರಾಡಳಿತ ರಾಜಿಗೆ ಬಂತು. ಯಂತ್ರ ಹೇಳಿತೆಂಬ ಒಂದೇ ಕಾರಣಕ್ಕೆ ಯಾರನ್ನೂ ಬಂಧಿಸಕೂಡದೆಂದು ಒಪ್ಪಿತು. ಹಾರ ನುಂಗಿದ ಹಂಸ ಇಲ್ಲಿ ಗೋಡೆಯ ಚಿತ್ರವಲ್ಲ, ಕಂಪ್ಯೂಟರ್.

ಕಾನೂನಿನ ರಕ್ಷಣೆ ಇದೆಯೇ ಎಂದರೆ ಅರೆಬರೆ ಇದೆ. ಸರ್ಕಾರದ ಬೀದಿ ಕ್ಯಾಮೆರಾಗಳಿಗೆಂದೇ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಖಾಸಗಿ ಕಂಪನಿಗಳ ಮೇಲೆ ಹೊಣೆ ಹೊರಿಸುತ್ತದೆ. ಆದರೆ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಂಥ ಕಾರಣ ಕೊಟ್ಟು ತನ್ನ ಸಂಸ್ಥೆಗಳನ್ನು ಅದರ ಹಿಡಿತದಿಂದ ಹೊರಗಿಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೂ ಕೊಡುತ್ತದೆ. ನೋಡಿಸಿಕೊಳ್ಳುವವನಿಗೆ ನಿಯಮ ಬಿಗಿ, ನೋಡುವವನಿಗೆ ಸಡಿಲ.

ಕ್ಯಾಮೆರಾವನ್ನು ತಿರುಗಿಸಿ ಹಿಡಿಯುವುದೂ ಸಾಧ್ಯ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್, ದೇಶದ ಪ್ರತಿಯೊಂದು ಪೊಲೀಸ್ ಠಾಣೆಯಲ್ಲೂ ಧ್ವನಿ ಸಮೇತ ದಾಖಲಿಸುವ ಕ್ಯಾಮೆರಾ ಇರಬೇಕು, ಲಾಕಪ್ಪು, ಪಡಸಾಲೆ ಯಾವುದೂ ಅದರ ಕಣ್ಣಿನಿಂದ ತಪ್ಪಬಾರದು ಎಂದು ಆದೇಶಿಸಿತು. ಕೈದಿಯ ಮೇಲೆ ಕೈಮಾಡುವವನನ್ನು ನೋಡಲೆಂದು ಹಾಕಿಸಿದ ಕ್ಯಾಮೆರಾ ಅದು. ಬೀದಿಯ ಕ್ಯಾಮೆರಾಗಳಿಗೆ ತೋರಿಸುವ ಉತ್ಸಾಹ ಠಾಣೆಯ ಕ್ಯಾಮೆರಾಗಳಿಗೂ ಇರಬೇಕು ಎಂದು ಕೇಳುವುದು ಪ್ರಜೆಯ ಹಕ್ಕು.

ಸಾಮಾನ್ಯ ಜನ ಇನ್ನೇನು ಕೇಳಬಹುದು? ಊರಿನ ವೃತ್ತದಲ್ಲಿ ಕ್ಯಾಮೆರಾ ಹಾಕುವ ಸುದ್ದಿ ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ನಾಲ್ಕು ಮಾತು ಕೇಳಬಹುದು. ಇದನ್ನು ಹಾಕುತ್ತಿರುವವರು ಯಾರು? ಇದು ಕಂಡದ್ದನ್ನು ನೋಡುವವರು ಯಾರು? ಎಷ್ಟು ದಿನಕ್ಕೆ ಅಳಿಸುತ್ತಾರೆ? ದುರುಪಯೋಗವಾದರೆ ಹೊಣೆ ಯಾರು? ಹಳೆಯ ಕಾಲದ ತಳವಾರನನ್ನು ಊರು ಕೇಳುತ್ತಿದ್ದದ್ದಕ್ಕಿಂತ ಇದು ಹೆಚ್ಚೇನೂ ಅಲ್ಲ.

ಬ್ರಹ್ಮವೈವರ್ತ ಪುರಾಣದಲ್ಲಿ ಶನಿಯ ಇನ್ನೊಂದು ಕಥೆಯಿದೆ. ಪಾರ್ವತಿಗೆ ಮಗ ಹುಟ್ಟಿದಾಗ ದೇವತೆಗಳೆಲ್ಲ ನೋಡಲು ಬಂದರು. ಶನಿಯೂ ಬಂದ, ಆದರೆ ತಲೆ ತಗ್ಗಿಸಿ ನಿಂತ. ತಾನು ನೋಡಿದ್ದು ನಾಶವಾಗುವುದೆಂಬ ಶಾಪ ಅವನ ಮೇಲಿತ್ತು. ಪಾರ್ವತಿ ಒತ್ತಾಯಿಸಿದ ಮೇಲೆ ಕಣ್ಣಂಚಿನಿಂದ ಒಮ್ಮೆ ನೋಡಿದ. ಮಗುವಿನ ತಲೆ ಉರುಳಿತು, ಆನೆಯ ತಲೆ ತರಬೇಕಾಯಿತು. ಕಥೆಯಲ್ಲಿ ಶನಿ ಕ್ರೂರಿಯಲ್ಲ. ತನ್ನ ನೋಟದ ಬಲ ಅವನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ತಲೆ ತಗ್ಗಿಸಿದ್ದ.

ಸಾವಿರಾರು ಕಣ್ಣುಗಳನ್ನು ಪಡೆದಿರುವ ಸರ್ಕಾರಗಳು ಕಲಿಯಬೇಕಾದದ್ದು ಆ ತಲೆ ತಗ್ಗಿಸುವಿಕೆಯನ್ನು. ‘ನೋಡು, ನೋಡು’ ಎಂದು ಪಾರ್ವತಿಯಂತೆ ಒತ್ತಾಯಿಸುವ ಮುನ್ನ ಪ್ರಜೆಗಳೂ ಒಂದು ಕ್ಷಣ ಯೋಚಿಸುವುದು ಒಳ್ಳೆಯದು.