ಕ್ಯಾಮೆರಾ ವಾಪಸ್ ಹೋದ ಮೇಲೆ

ಇವತ್ತು ರಾಜಕೀಯ ಬೇಡ. ಒಂದು ಧಾರಾವಾಹಿ ಬಗ್ಗೆ ಮಾತಾಡೋಣ. ಧಾರಾವಾಹಿ ಅಂದ ತಕ್ಷಣ ಅತ್ತೆ-ಸೊಸೆ ಅಂದ್ಕೊಂಡು ರಿಮೋಟ್ ಎತ್ಕೋಬೇಡಿ. ಇದು ಇಂಗ್ಲೆಂಡಿನದು. ಹೆಸರು ‘ಅಡೋಲೆಸೆನ್ಸ್’, ಅಂದರೆ ಹದಿಹರೆಯ. 2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಬರೀ ನಾಲ್ಕು ಕಂತು. ಎರಡು ರಾತ್ರಿ ಕೂತು ನೋಡಿ ಮುಗಿಸಿದೆ. ಮಾರನೇ ದಿನ ಬಂದು ಈ ಕುರ್ಚಿಯಲ್ಲಿ ಕೂರೋಕೆ ಮಾತ್ರ ಸ್ವಲ್ಪ ಕಷ್ಟ ಆಯ್ತು.

ಕಥೆ ಇಷ್ಟು. ಬೆಳ್ಳಂಬೆಳಗ್ಗೆ ಪೊಲೀಸರು ಬಾಗಿಲು ಒಡೆದು, ಬಂದೂಕು ಹಿಡಿದು ಒಂದು ಮನೆಗೆ ನುಗ್ಗುತ್ತಾರೆ. ಅವರಿಗೆ ಬೇಕಾದವನು 13 ವರ್ಷದ ಜೇಮಿ. ಹುಡುಗ ಹೆದರಿ ಚಡ್ಡಿ ಒದ್ದೆ ಮಾಡ್ಕೋತಾನೆ. ಕೇಟಿ ಎಂಬ ಸಹಪಾಠಿಯನ್ನು ಚಾಕುವಿನಿಂದ ಇರಿದು ಕೊಂದ ಅನ್ನೋದು ಅವನ ಮೇಲಿನ ಆರೋಪ. ಅಪ್ಪ ಎಡ್ಡಿ ಪ್ಲಂಬರ್. ವಿಚಾರಣೆ ವೇಳೆ ಪಕ್ಕದಲ್ಲಿ ಯಾರಿರಬೇಕು ಅಂತ ಕೇಳಿದರೆ ಹುಡುಗ ಅಪ್ಪನನ್ನೇ ಕರೀತಾನೆ. ‘ನೀನು ಮಾಡಿದ್ಯಾ?’ ಅಂತ ಅಪ್ಪ ಕೇಳ್ತಾನೆ. ‘ಇಲ್ಲ’ ಅಂತಾನೆ ಮಗ. ಅಪ್ಪ ನಂಬ್ತಾನೆ. ಯಾವ ಅಪ್ಪ ತಾನೇ ನಂಬಲ್ಲ ಹೇಳಿ? ಮೊದಲ ಕಂತಿನ ಕೊನೆಗೆ ಪೊಲೀಸರು ಸಿಸಿಟಿವಿ ದೃಶ್ಯ ಹಾಕ್ತಾರೆ. ಅಷ್ಟೇ, ಕೊಲೆಗಾರ ಯಾರು ಅನ್ನೋ ಪ್ರಶ್ನೆ ಅಲ್ಲಿಗೆ ಮುಗೀತು.

ಇನ್ನೂ ಮೂರು ಕಂತು ಬಾಕಿ ಇದೆ! ಉಳಿದ ಕ್ರೈಂ ಕಥೆಗಳು ಎಲ್ಲಿ ಮುಗಿಯುತ್ತವೋ ಇದು ಅಲ್ಲಿಂದ ಶುರುವಾಗುತ್ತೆ. ಎರಡನೇ ಕಂತು ಮೂರು ದಿನದ ನಂತರ, ಶಾಲೆಯಲ್ಲಿ. ಮೂರನೆಯದು ಏಳು ತಿಂಗಳ ನಂತರ. ನಾಲ್ಕನೆಯದು ಹದಿಮೂರು ತಿಂಗಳ ನಂತರ. ನಮ್ಮ ಸುದ್ದಿಮನೆಯಲ್ಲಿ ಒಂದು ಕೊಲೆ ಪ್ರಕರಣ ಎಷ್ಟು ದಿನ ಬದುಕುತ್ತೆ ಗೊತ್ತಾ ನಿಮಗೆ? ಮೂರು ದಿನ. ಅಬ್ಬಬ್ಬಾ ಅಂದ್ರೆ ಒಂದು ವಾರ.

ಪ್ರತಿ ಕಂತನ್ನೂ ಒಂದೇ ಶಾಟ್‌ನಲ್ಲಿ ತೆಗೆದಿದ್ದಾರೆ. ಒಮ್ಮೆ ಕ್ಯಾಮೆರಾ ಆನ್ ಮಾಡಿದರೆ ಕಂತು ಮುಗಿಯೋ ತನಕ ಆಫ್ ಇಲ್ಲ, ಎಡಿಟಿಂಗ್‌ನಲ್ಲಿ ಕತ್ತರಿ ಇಲ್ಲ. ಯಾರೋ ಒಬ್ಬರು ಮಾತು ತಪ್ಪಿದರೂ ಮತ್ತೆ ಮೊದಲಿಂದ. ನಾಲ್ಕನೇ ಕಂತಿನಲ್ಲಿ ನಾವು ನೋಡೋದು 16ನೇ ಟೇಕ್. ಎರಡನೇ ಕಂತಿನ ಕೊನೆಗೆ ನಡೆದು ಬರ್ತಿದ್ದ ಕ್ಯಾಮೆರಾವನ್ನೇ ಡ್ರೋನ್‌ಗೆ ಸಿಕ್ಕಿಸಿ, ಊರಿನ ಮೇಲೆ ಹಾರಿಸಿ, ಕೊಲೆ ನಡೆದ ಜಾಗದಲ್ಲಿ ಇಳಿಸ್ತಾರೆ. ಅಲ್ಲಿ ಎಡ್ಡಿ ಹೂವು ಇಡ್ತಿದ್ದಾನೆ. ಟೀವಿಯವನಾಗಿ ಹೇಳ್ತೀನಿ, ಬಾಯಿ ಬಿಟ್ಕೊಂಡು ನೋಡಿದೆ. ಆದರೆ ನನಗೆ ಚುಚ್ಚಿದ್ದು ಅದಲ್ಲ. ಕತ್ತರಿ ಇಲ್ಲದಿದ್ದರೆ ನೋಡುವವನಿಗೆ ತಪ್ಪಿಸಿಕೊಳ್ಳೋಕೆ ದಾರಿ ಇರಲ್ಲ. ನಾವು ನಾಲ್ಕು ಸೆಕೆಂಡಿನ ದೃಶ್ಯವನ್ನು ಇಡೀ ದಿನ ತಿರುಗಿಸ್ತೀವಿ. ತಾಯಿ ತಲೆ ಚಚ್ಚಿಕೊಳ್ಳೋದು, ಮತ್ತೆ ಅದೇ, ಮತ್ತೆ ಅದೇ. ಹತ್ತನೇ ಸಲಕ್ಕೆ ನಿಮಗೆ ಅದು ತಾಯಿ ಅನ್ಸಲ್ಲ, ಗೋಡೆ ಮೇಲಿನ ಕ್ಯಾಲೆಂಡರ್ ಥರ ಆಗಿಬಿಡುತ್ತೆ.

ಹುಡುಗ ಯಾಕೆ ಕೊಂದ? ಶಾಲೆಯಲ್ಲಿ ತನಿಖಾಧಿಕಾರಿಗೆ ಸುಳಿವೇ ಸಿಗಲ್ಲ. ಅದೇ ಶಾಲೆಯಲ್ಲಿ ಓದೋ ಅವನ ಮಗನೇ ಕೊನೆಗೆ ಅಪ್ಪನಿಗೆ ಪಾಠ ಮಾಡ್ತಾನೆ. ಇನ್‌ಸ್ಟಾಗ್ರಾಂನಲ್ಲಿ ಕೇಟಿ ಹಾಕಿದ ಎಮೋಜಿಗಳನ್ನು ಪೊಲೀಸರು ಸ್ನೇಹ ಅಂದ್ಕೊಂಡಿದ್ರು. ಅದು ಸ್ನೇಹ ಅಲ್ಲ, ಗೇಲಿ. ‘ನಿನ್ನನ್ನು ಯಾವ ಹುಡುಗಿಯೂ ತಿರುಗಿ ನೋಡಲ್ಲ’ ಅಂತ ಅರ್ಥ. ಹೆಣ್ಣುಮಕ್ಕಳನ್ನು ದ್ವೇಷಿಸೋದನ್ನೇ ಗಂಡಸುತನ ಅಂತ ಹುಡುಗರಿಗೆ ಕಲಿಸೋ ಒಂದು ಲೋಕವೇ ಆ ಮೊಬೈಲ್ ಒಳಗಿದೆ. ಮನೆಗೆ ಹೋಗಿ ನಮ್ಮಕ್ಕನ ಮಗನನ್ನು ಕೇಳಿದೆ, ‘ಈ ಎಮೋಜಿಗೆಲ್ಲ ಅರ್ಥ ಗೊತ್ತೇನೋ ನಿಂಗೆ?’ ಅವನು ನಕ್ಕ. ‘ಮಾಮ, ನಿಮಗೆ ಗೊತ್ತಿರಲಿಲ್ವಾ?’ ಅಂದ.

ಒಂದು ತಕರಾರೂ ಇದೆ ನನಗೆ. ಶಾಲೆಯಲ್ಲಿ ಮಹಿಳಾ ಅಧಿಕಾರಿಯೊಬ್ಬಳು ಬೇಸರದಿಂದ ಹೇಳ್ತಾಳೆ, ಜೇಮಿ ಎಲ್ಲರಿಗೂ ನೆನಪಿರ್ತಾನೆ, ಕೇಟಿಯನ್ನು ಜನ ಮರೀತಾರೆ ಅಂತ. ಸರಿಯಾದ ಮಾತು. ಆದರೆ ಧಾರಾವಾಹಿ ಮಾಡೋದೂ ಅದನ್ನೇ ಅಲ್ವಾ? ಕೇಟಿಯ ಅಪ್ಪ-ಅಮ್ಮನ ಮನೆಗೆ ಆ ಕ್ಯಾಮೆರಾ ಒಮ್ಮೆಯೂ ಹೋಗಲ್ಲ. ಬೇಕಂತಲೇ ಹಾಗೆ ಮಾಡಿದ್ದಾರೆ ಅಂತ ಗೊತ್ತು. ಆದರೂ ಆ ಮನೆ ಬಾಗಿಲು ನನ್ನ ಕಣ್ಣಮುಂದೆ ಬರ್ತಾನೇ ಇತ್ತು.

ಪ್ರಶಸ್ತಿಗಳೆಲ್ಲ ಬಂದವು, ಬಿಡಿ. ಜೇಮಿಯಾಗಿ ನಟಿಸಿದ ಓವನ್ ಕೂಪರ್‌ಗೆ ಅದು ಮೊದಲ ನಟನೆ. 15ನೇ ವಯಸ್ಸಿಗೇ ಎಮ್ಮಿ ಸಿಕ್ಕಿತು. ಅಲ್ಲಿನ ಪ್ರಧಾನಿ ತಂಡವನ್ನು ಕರೆಸಿ ಮಾತಾಡಿಸಿದರು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಇನ್ನೊಂದು. ಅಪ್ಪನ ಪಾತ್ರ ಮಾಡಿರೋ ಸ್ಟೀಫನ್ ಗ್ರಹಾಂ, ಜಾಕ್ ಥಾರ್ನ್ ಜೊತೆ ಸೇರಿ ಇದನ್ನು ಬರೆದವನೂ ಹೌದು. ಹುಡುಗರು ಹುಡುಗಿಯರನ್ನು ಇರಿದು ಕೊಂದ ಸುದ್ದಿಗಳನ್ನು ನೋಡಿ ಆತನಿಗೆ ಈ ಕಥೆ ಹೊಳೀತು. ನಮ್ಮಂಥವರು ಓದಿ ಪಕ್ಕಕ್ಕಿಟ್ಟ ಸುದ್ದಿ ಅದು!

ಕೊನೆಯ ಕಂತು ಎಡ್ಡಿಯ ಐವತ್ತನೇ ಹುಟ್ಟುಹಬ್ಬ. ಬೆಳಗ್ಗೆ ಎದ್ದು ನೋಡಿದರೆ ಅವನ ವ್ಯಾನ್ ಮೇಲೆ ಯಾರೋ ಬಣ್ಣದಲ್ಲಿ ಹೊಲಸು ಬೈಗುಳ ಬರೆದಿದ್ದಾರೆ. ಅದನ್ನು ಅಳಿಸಲು ಹೆಂಡತಿ-ಮಗಳ ಜೊತೆ ಅಂಗಡಿಗೆ ಹೋಗ್ತಾನೆ. ಅಲ್ಲಿನ ಹುಡುಗನೊಬ್ಬ ಗುರುತು ಹಿಡಿದು, ನಾವೆಲ್ಲ ನಿಮ್ಮ ಮಗನ ಪರ ಅಂತಾನೆ. ಬೈಗುಳಕ್ಕಿಂತ ಆ ಬೆಂಬಲ ಎಡ್ಡಿಯನ್ನು ಹೆಚ್ಚು ಸುಡುತ್ತೆ. ವಾಪಸ್ ಬರುವಾಗ ಮಗನ ಫೋನ್. ಅಪ್ಪಾ, ತಪ್ಪೊಪ್ಪಿಕೊಳ್ತೀನಿ ಅಂತ. ಆಮೇಲೆ ಕೋಣೆಯಲ್ಲಿ ಗಂಡ-ಹೆಂಡತಿ ಕೂತು ಮಾತಾಡ್ತಾರೆ. ಮಗ ರೂಮಲ್ಲೇ ಇದ್ನಲ್ಲ, ಸೇಫಾಗಿ ಇದ್ದಾನೆ ಅಂದ್ಕೊಂಡಿದ್ವಲ್ಲ ಅಂತ.

ಆ ವ್ಯಾನ್ ನೋಡಿದಾಗ ನನಗೆ ಒಂದು ಮನೆ ನೆನಪಾಯ್ತು. ಆಗ ನಾನಿನ್ನೂ ವರದಿಗಾರ. ಒಂದು ತಾಲೂಕು ಕೇಂದ್ರದಲ್ಲಿ 17ರ ಹುಡುಗನೊಬ್ಬ ತನ್ನ ಸ್ನೇಹಿತನನ್ನೇ ಇರಿದು ಕೊಂದಿದ್ದ. ಆರೋಪಿ ಅಪ್ರಾಪ್ತನಾದರೆ ಗುರುತು ಬಯಲು ಮಾಡಬಾರದು. ಈಗಿನ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಆರು ತಿಂಗಳ ತನಕ ಜೈಲು ಅಥವಾ ಎರಡು ಲಕ್ಷದ ತನಕ ದಂಡ, ಎರಡೂ ಆಗಬಹುದು. ಹಿಂದಿನ ಕಾಯ್ದೆಯಲ್ಲೂ ನಿಷೇಧ ಇತ್ತು. ನಾವು ಹುಡುಗನ ಮುಖಕ್ಕೆ ಮಸುಕು ಹಾಕಿದ್ವಿ. ಮನೆ, ಬೀದಿ, ಅಮ್ಮನ ಮುಖ ಎಲ್ಲಾ ತೋರಿಸಿದ್ವಿ. ಇನ್ನೇನು ಉಳೀತು? ನಾನೇ ನಿಂತು ಲೈವ್ ಕೊಟ್ಟೆ. ಮಾರನೇ ದಿನ ಹೋದಾಗ ಕಿಟಕಿ ಗಾಜು ಒಡೆದಿತ್ತು. ಅದನ್ನೂ ತೋರಿಸಿದೆ.

ಆ ಕೇಸ್ ಏನಾಯ್ತು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ನಾಲ್ಕನೇ ದಿನ ಯಾವುದೋ ಶಾಸಕರ ರಾಜೀನಾಮೆ, ಓಬಿ ವ್ಯಾನ್ ಬೆಂಗಳೂರಿಗೆ ತಿರುಗ್ತು.

ಮೊದಲ ದಿನ ಆ ಅಮ್ಮ ಬಾಗಿಲಲ್ಲಿ ನಿಂತಿದ್ದರು. ‘ನಿಮ್ಮ ಮಗ ಹೀಗೆ ಮಾಡಿದ್ದಾನಲ್ಲಮ್ಮ, ಏನನ್ಸುತ್ತೆ?’ ಅಂತ ಮೈಕ್ ಹಿಡಿದೆ. ಅವರು ಅಳಲಿಲ್ಲ, ಬೈಯಲೂ ಇಲ್ಲ. ನನ್ನನ್ನೇ ತಿರುಗಿ ಕೇಳಿದರು, ‘ಆ ಮಗೂ ಅಮ್ಮನ ಹತ್ರ ಹೋಗಿದ್ರಾ ಸ್ವಾಮಿ? ಏನಾದ್ರೂ ಒಂಚೂರು ತಿಂದ್ರಾ ಅವ್ರು?’

ಹೋಗಿದ್ದೆ. ಅದೇ ಮೈಕ್ ಹಿಡ್ಕೊಂಡು, ಒಂದು ಗಂಟೆ ಮುಂಚೆ. ತಿಂದ್ರಾ ಅಂತ ನೋಡಿರಲಿಲ್ಲ. ಆ ತಾಯಿ ಕೇಳಿದ್ದು ಪ್ರಸಾರ ಆಗಲಿಲ್ಲ. ಅಳು ಇರಲಿಲ್ಲ ನೋಡಿ, ಡೆಸ್ಕ್‌ನವರು ಕತ್ತರಿಸಿದರು.